ಕುಂಡದ ನಿಂಬೆ ಗಿಡಕ್ಕೆ ಬಿಸಿಲು ಹೊಡೆದರೆ: ಪುಣೆಯ ಬಾಲ್ಕನಿಗಳಿಗೊಂದು ಮಾರ್ಗದರ್ಶಿ

ಏಪ್ರಿಲ್ ಬಂತೆಂದರೆ ಪುಣೆಯ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಥರದ ಫೋಟೋ ಬರಲು ಶುರುವಾಗುತ್ತದೆ. ನಿಂಬೆಯ ಎಲೆ, ನಡುವೆ ಬಿಳಿಚಿಕೊಂಡ ಮಚ್ಚೆ, ಅಂಚು ಒಳಗೆ ಮಡಚಿಕೊಂಡಿದೆ. ಕೆಳಗೆ ಪ್ರಶ್ನೆ: ಇದಕ್ಕೆ ಏನು ಹಾಕಬೇಕು? ಉತ್ತರಗಳಿಗೇನು ಬರವಿಲ್ಲ. ಎಪ್ಸಮ್ ಸಾಲ್ಟ್ ಹಾಕಿ, ಹುಳಿ ಮಜ್ಜಿಗೆ ಹಾಕಿ, ಈರುಳ್ಳಿ ಸಿಪ್ಪೆ ನೆನೆಸಿದ ನೀರು ಹಾಕಿ, ಬೇವಿನ ಎಣ್ಣೆ ಹೊಡೆಯಿರಿ.

ನನ್ನ ಉತ್ತರ ಬೇರೆ. ಸದ್ಯಕ್ಕೆ ಏನೂ ಹಾಕಬೇಡಿ. ಗಿಡವನ್ನು ನೆರಳಿಗೆ ತನ್ನಿ, ಕುಂಡವನ್ನು ತಣ್ಣಗೆ ಮಾಡಿ, ಹದವಾಗಿ ನೀರು ಕೊಡಿ. ಆಮೇಲೆ ಸುಮ್ನೆ ಇರಿ. ಬಿಸಿಲು ಹೊಡೆದ ನಿಂಬೆ ಗಿಡಗಳಲ್ಲಿ ಎಷ್ಟೋ ಗಿಡ ಬಿಸಿಲಿಗೆ ಸಾಯುವುದಿಲ್ಲ, ಆಮೇಲೆ ನಾವು ಮಾಡುವ ಉಪಚಾರಕ್ಕೆ ಸಾಯುತ್ತವೆ.

ಇಲ್ಲಿ ಹೇಳಿದ್ದು ನಿಂಬೆಗೆ ಮಾತ್ರವಲ್ಲ. ಮೋಸಂಬಿ, ಕಿತ್ತಳೆ, ಗಜನಿಂಬೆ, ಹೇರಳೆ, ಕುಂಡದಲ್ಲಿರುವ ಈ ಕುಲದ ಎಲ್ಲ ಗಿಡಕ್ಕೂ ಅನ್ವಯಿಸುತ್ತದೆ.

ಇದು ಬಿಸಿಲಿನದೇ ಕೆಲಸವಾ?

ಮೊದಲು ಇದನ್ನು ಖಚಿತ ಮಾಡಿಕೊಳ್ಳಿ. ಹಳದಿಯಾದ ಎಲೆಗಳಿಗೆಲ್ಲ ಬಿಸಿಲೇ ಕಾರಣವಲ್ಲ.

ಬಿಸಿಲಿನ ಸುಟ್ಟ ಗಾಯ ಒಂದೇ ಕಡೆ ಇರುತ್ತದೆ. ಗಿಡದ ಯಾವ ಮಗ್ಗುಲು ಬಯಲಿಗೆ ಮುಖ ಮಾಡಿದೆಯೋ ಆ ಕಡೆಯ ಎಲೆಗಳ ಮೇಲ್ಭಾಗ ಮೊದಲು ತಿಳಿಹಳದಿಯಾಗುತ್ತದೆ, ಆಮೇಲೆ ಬಿಳಿ, ಕೊನೆಗೆ ಒಣಗಿ ಕಂದು. ಗೋಡೆ ಕಡೆಯ ಎಲೆಗಳು ಹಸಿರಾಗಿಯೇ ಇರುತ್ತವೆ. ಒಂದು ಎಲೆಯ ಮೇಲೆ ಇನ್ನೊಂದು ಎಲೆಯ ನೆರಳು ಬೀಳುತ್ತಿದ್ದರೆ ಅಷ್ಟು ಜಾಗ ಮಾತ್ರ ಹಸಿರು ಉಳಿದಿರುತ್ತದೆ. ಈ ಗುರುತು ಕಂಡರೆ ಅನುಮಾನ ಬೇಡ. ಕಾಯಿದ್ದರೆ ಅದರ ಬಿಸಿಲು ಬೀಳುವ ಕೆನ್ನೆಯೂ ಹಳದಿಯಾಗಿ ಗಡುಸಾಗಿರುತ್ತದೆ.

ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಿದ್ದರೆ ಅದು ಕಬ್ಬಿಣದ ಕೊರತೆ. ಬೋರ್‌ವೆಲ್ಲಿನ ಗಡಸು ನೀರು ಹಾಕುವ ಮನೆಗಳಲ್ಲಿ ಇದು ಜಾಸ್ತಿ. ಎಲೆಯ ತುದಿ ಮಾತ್ರ ಸುಟ್ಟಂತೆ ಒಣಗಿದ್ದರೆ ಮಣ್ಣಲ್ಲಿ ಉಪ್ಪು ಕೂತಿರಬಹುದು. ಟ್ಯಾಂಕರ್ ನೀರನ್ನೇ ನಂಬಿರುವ ಸೊಸೈಟಿಗಳವರು ಇದನ್ನು ಗಮನಿಸಿ. ಎಳೆ ಎಲೆಯ ಮೇಲೆ ಬೆಳ್ಳಿಯ ಗೀರಿನಂಥ ಅಂಕುಡೊಂಕು ದಾರಿ ಕಂಡರೆ ಅದು ಎಲೆ ಸುರಂಗದ ಹುಳ. ಉಬ್ಬಿದ ಒರಟು ಚುಕ್ಕೆ, ಸುತ್ತ ಹಳದಿ ಬಳೆ ಇದ್ದರೆ ಕಜ್ಜಿ ರೋಗ. ಎಲೆ ತುಂಬ ಸೂಜಿಮೊನೆಯಷ್ಟು ಬಿಳಿ ಚುಕ್ಕೆಗಳಿದ್ದು ಅಡಿಯಲ್ಲಿ ಸಣ್ಣ ಬಲೆ ಕಂಡರೆ ನುಸಿ. ಈ ಕೊನೆಯದಕ್ಕೂ ಬೇಸಿಗೆಗೂ ಸಂಬಂಧವಿದೆ. ಒಣ ಸೆಕೆಯಲ್ಲಿ ಬಳಲಿದ ಗಿಡಕ್ಕೆ ನುಸಿ ಬೇಗ ಹತ್ತುತ್ತದೆ.

ಸುಡುವುದು ಎಲೆ ಮಾತ್ರ ಅಲ್ಲ

ನಿಂಬೆ ಬಿಸಿಲಿನ ಗಿಡ, ಅದಕ್ಕೆ ಬಿಸಿಲೇನು ಮಾಡುತ್ತದೆ ಎಂದು ಕೇಳುವವರಿದ್ದಾರೆ. ಮಾತು ನಿಜವೇ. ವಿಜಯಪುರ ಜಿಲ್ಲೆಯ ಇಂಡಿಯ ಹೊಲಗಳಲ್ಲಿ ಪುಣೆಗಿಂತ ಜೋರು ಬಿಸಿಲಲ್ಲಿ ನಿಂಬೆ ಬೆಳೆಯುತ್ತದೆ. ಆದರೆ ಹೊಲದ ಗಿಡದ ಬೇರು ಭೂಮಿಯ ತಂಪಿನಲ್ಲಿರುತ್ತದೆ. ಬಾಲ್ಕನಿಯ ಗಿಡದ ಬೇರು ಕಪ್ಪು ಪ್ಲಾಸ್ಟಿಕ್ ಡಬ್ಬಿಯೊಳಗೆ, ಕಾದ ಟೈಲ್ಸ್ ಮೇಲೆ ಕೂತಿರುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ಪುಣೆಯ ಮಧ್ಯಾಹ್ನ 38ರಿಂದ 40 ಡಿಗ್ರಿ ಮುಟ್ಟುವುದು ಹೊಸದೇನಲ್ಲ. ಅದು ನೆರಳಿನ ಲೆಕ್ಕ. ಪಡುವಣ ಬಾಲ್ಕನಿಯಲ್ಲಿ ಬಿಸಿಲು ನೇರ ಬೀಳುವ ಕಪ್ಪು ಕುಂಡದ ಪಕ್ಕೆ ಅದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಗಾಳಿ 37-38 ಡಿಗ್ರಿ ದಾಟಿದರೆ ಈ ಜಾತಿಯ ಗಿಡಗಳ ಬೆಳವಣಿಗೆಯೇ ಹೆಚ್ಚುಕಮ್ಮಿ ನಿಂತುಹೋಗುತ್ತದೆ. ಕುಂಡದ ಪಕ್ಕೆಗೆ ಅಂಟಿಕೊಂಡ ಎಳೆ ಬೇರುಗಳು ಬೆಂದುಹೋದರೆ ಮಣ್ಣಲ್ಲಿ ನೀರಿದ್ದರೂ ಕುಡಿಯುವವರಿಲ್ಲ. ನೀರು ಏರದಿದ್ದರೆ ಎಲೆ ತನ್ನನ್ನು ತಂಪಾಗಿಟ್ಟುಕೊಳ್ಳಲಾರದು. ಆಗ ಸುಡುತ್ತದೆ. ಅದಕ್ಕೇ ಎಲೆಗಿಂತ ಮೊದಲು ಕುಂಡದ ಕಡೆ ನೋಡಿ ಎನ್ನುತ್ತೇನೆ.

ಇನ್ನೊಂದು ಕಾರಣ ದಿಢೀರ್ ಬದಲಾವಣೆ. ನರ್ಸರಿಯಲ್ಲಿ ಹಸಿರು ನೆಟ್ ಕೆಳಗೆ ಬೆಳೆದ ಗಿಡವನ್ನು ಹಡಪ್ಸರದಿಂದ ತಂದು ಅದೇ ದಿನ ಟೆರೇಸ್ ಮೇಲಿಟ್ಟರೆ ಅದರ ಎಲೆಗೆ ಆ ಬಿಸಿಲಿನ ಅಭ್ಯಾಸವೇ ಇರುವುದಿಲ್ಲ. ಎದುರಿನ ಕಟ್ಟಡದ ಗಾಜಿನಿಂದ, ಪಕ್ಕದ ತಗಡಿನ ಶೆಡ್ಡಿನಿಂದ ಹೊಡೆಯುವ ಪ್ರತಿಬಿಂಬದ ಬಿಸಿಲೂ ಸುಡುತ್ತದೆ. ಎಸಿಯ ಹೊರಗಿನ ಡಬ್ಬಿಯನ್ನಂತೂ ಮರೆಯಲೇಬೇಡಿ. ಅದರ ಬಿಸಿಗಾಳಿ ಬೀಸುವ ದಾರಿಯಲ್ಲಿ ಗಿಡವಿದ್ದರೆ ನೀವು ಏನು ಮಾಡಿದರೂ ಅದು ಸುಧಾರಿಸುವುದಿಲ್ಲ.

ಮೊದಲ ದಿನ: ಜಾಗ ಬದಲಿಸಿ

ಬೆಳಕು ಚೆನ್ನಾಗಿರುವ ನೆರಳಿಗೆ ಗಿಡವನ್ನು ತನ್ನಿ. ಬೆಳಗ್ಗೆ ಹತ್ತರವರೆಗಿನ ಎಳೆಬಿಸಿಲು ಬಿದ್ದರೆ ಒಳ್ಳೆಯದೇ. ಮೂಡಣ ಬಾಲ್ಕನಿ ಇದ್ದರೆ ಅದೇ ಸರಿಯಾದ ಜಾಗ. ಇಲ್ಲಿನ ಫ್ಲಾಟುಗಳಲ್ಲಿ ಅಡುಗೆಮನೆಗೆ ಹೊಂದಿಕೊಂಡ ಡ್ರೈ ಬಾಲ್ಕನಿ ಇರುತ್ತದಲ್ಲ, ಅದು ಬೆಳಕಾಗಿದ್ದರೆ ಅಲ್ಲಿಯೂ ಇಡಬಹುದು. ಹಾಲ್‌ನ ಮೂಲೆಯ ಕತ್ತಲಿಗೆ ಮಾತ್ರ ಒಯ್ಯಬೇಡಿ. ಅಲ್ಲಿ ಉಳಿದ ಎಲೆಗಳೂ ಉದುರುತ್ತವೆ.

ಕುಂಡ ಎತ್ತಲಾಗದಷ್ಟು ಭಾರವಿದ್ದರೆ ನೆರಳನ್ನೇ ಅಲ್ಲಿಗೆ ತನ್ನಿ. 50 ಪರ್ಸೆಂಟ್ ಶೇಡ್ ನೆಟ್ ಸಾಕು. ತೀರಾ ಗಟ್ಟಿ ನೆಟ್ ಬೇಡ. ನೆಟ್ ಸಿಗುವವರೆಗೆ ಹಳೆಯ ಬಿಳಿ ಪಂಚೆಯೋ ಕಾಟನ್ ಸೀರೆಯೋ ಕಟ್ಟಿದರೂ ನಡೆಯುತ್ತದೆ. ಎಲೆಗೆ ತಾಗದಂತೆ ಒಂದು ಮೊಳ ದೂರದಲ್ಲಿ, ಪಡುವಣ ದಿಕ್ಕಿಗೆ ಅಡ್ಡವಾಗಿ ಕಟ್ಟಿ. ಗಿಡಕ್ಕೇ ಸುತ್ತಿಬಿಟ್ಟರೆ ಒಳಗೆ ಸೆಕೆ ಕೂತು ಇನ್ನಷ್ಟು ಹಾಳು.

ಅದೇ ದಿನ: ಕುಂಡ ತಣ್ಣಗಾಗಲಿ

ಕುಂಡವನ್ನು ನೆಲದಿಂದ ಎತ್ತಿ ಮೂರು ಇಟ್ಟಿಗೆಯ ಮೇಲಿಡಿ. ಅಡಿಯಲ್ಲಿ ಗಾಳಿ ಆಡಬೇಕು. ಸುತ್ತ ಗೋಣಿ ತಾಟು ಸುತ್ತಿ ಸುತಳಿ ಕಟ್ಟಿ. ಮಧ್ಯಾಹ್ನದ ಹೊತ್ತಿಗೆ ಆ ಗೋಣಿಗೆ ಒಂದಿಷ್ಟು ನೀರು ಚಿಮುಕಿಸಿದರೆ ಅದು ಆರುತ್ತಾ ಆರುತ್ತಾ ಕುಂಡವನ್ನು ತಂಪು ಮಾಡುತ್ತದೆ. ಪುಣೆಯ ಬೇಸಿಗೆ ಗಾಳಿ ಒಣಗಿರುವುದರಿಂದ ಈ ಉಪಾಯ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಮುಂಬೈಯ ಬೆವರಿನ ಹವೆಯಲ್ಲಿ ಇಷ್ಟು ಗುಣ ಸಿಗುವುದಿಲ್ಲ.

ಗೋಣಿ ಸಿಗದಿದ್ದರೆ ಕುಂಡವನ್ನು ಇನ್ನೊಂದು ದೊಡ್ಡ ಕುಂಡದೊಳಗೆ ಇಳಿಸಿ, ನಡುವಿನ ಸಂದಿಗೆ ತೆಂಗಿನ ನಾರು ತುಂಬಿ. ಅದೂ ಇಲ್ಲದಿದ್ದರೆ ಬೇರೆ ಕುಂಡಗಳನ್ನು ಅದರ ಸುತ್ತ ಒತ್ತೊತ್ತಾಗಿ ಜೋಡಿಸಿ, ಪಡುವಣ ಬದಿಯಲ್ಲಿ ಬಿಸಿಲು ತಡೆಯುವ ಗಿಡವಿರಲಿ. ದಾಸವಾಳವೋ ಲೋಳೆಸರವೋ ಆ ಕೆಲಸಕ್ಕೆ ಸಾಕು. ಕಪ್ಪು ಗ್ರೋ ಬ್ಯಾಗ್ ಇದ್ದವರು ಅದರ ಹೊರಮೈಗೆ ಸುಣ್ಣ ಬಳಿಯಬಹುದು. ನೋಡೋಕೆ ಚೆನ್ನಾಗಿರಲ್ಲ, ಆದರೆ ಬೇರು ಉಳಿಯುತ್ತದೆ.

ಮಣ್ಣಿನ ಮೇಲೆ ಎರಡು ಬೆರಳು ದಪ್ಪಕ್ಕೆ ಒಣ ಎಲೆ, ಕಬ್ಬಿನ ರವದಿ ಅಥವಾ ತೆಂಗಿನ ನಾರು ಹರಡಿ. ರಸವಂತಿ ಅಂಗಡಿಯಲ್ಲಿ ಕೇಳಿದರೆ ಹಿಂಡಿದ ಕಬ್ಬಿನ ಸಿಪ್ಪೆ ಪುಕ್ಕಟೆ ಕೊಡುತ್ತಾರೆ. ತಂದು ತೊಳೆದು ಒಣಗಿಸಿ ಹಾಕಿ, ಇಲ್ಲದಿದ್ದರೆ ಇರುವೆ ಮುತ್ತುತ್ತವೆ. ಈ ಹೊದಿಕೆ ಕಾಂಡಕ್ಕೆ ತಾಗಬಾರದು. ಸುತ್ತ ನಾಲ್ಕು ಬೆರಳು ಬಿಟ್ಟು ಹಾಕಿ.

ನೀರು

ಎಲ್ಲರೂ ಎಡವುವುದು ಇಲ್ಲೇ. ಎಲೆ ಬಾಡಿದೆ ಅಂದರೆ ನೀರು ಸಾಲದು ಎಂದುಕೊಂಡು ದಿನಕ್ಕೆ ಮೂರು ಸಲ ಸುರಿಯುತ್ತಾರೆ. ಅರ್ಧ ಎಲೆ ಸುಟ್ಟುಹೋದ ಗಿಡ ಮೊದಲಿನಷ್ಟು ನೀರು ಎಳೆಯುವುದಿಲ್ಲ. ಮಣ್ಣು ಸದಾ ಕೆಸರಾಗಿದ್ದರೆ ಉಳಿದ ಬೇರೂ ಕೊಳೆಯುತ್ತದೆ. ಕೊಳೆತ ಬೇರಿನ ಗಿಡವೂ ಬಾಡಿಕೊಂಡೇ ಕಾಣುತ್ತದೆ. ಅದನ್ನು ನೋಡಿ ಇನ್ನೊಂದು ಚೊಂಬು ಹಾಕುತ್ತೇವೆ. ಅಲ್ಲಿಗೆ ಮುಗಿಯಿತು.

ಮೊದಲು ಬೆರಳನ್ನು ಮಣ್ಣಿಗೆ ಎರಡು ಇಂಚು ಇಳಿಸಿ ನೋಡಿ. ತೇವ ಇದ್ದರೆ ಇವತ್ತು ಬೇಡ. ಒಣಗಿದ್ದರೆ ಬೆಳಗ್ಗೆ ಏಳರೊಳಗೆ, ಅಡಿಯ ತೂತಿನಿಂದ ನೀರು ಇಳಿಯುವವರೆಗೆ ನಿಧಾನವಾಗಿ ಹಾಕಿ. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿಬಿಡಿ.

ಒಂದು ಮೋಸವಿದೆ, ನೋಡಿ. ನರ್ಸರಿ ಗಿಡಗಳ ಬೇರಿನ ಸುತ್ತ ಎಷ್ಟೋ ಸಲ ಗಟ್ಟಿ ಜೇಡಿಮಣ್ಣಿನ ಮುದ್ದೆ ಇರುತ್ತದೆ. ನಾವು ಅದನ್ನು ಹಾಗೇ ಕೊಕೊಪೀಟ್ ತುಂಬಿದ ಕುಂಡದಲ್ಲಿ ಕೂರಿಸುತ್ತೇವೆ. ಹಾಕಿದ ನೀರು ಮುದ್ದೆಯ ಪಕ್ಕದಿಂದ ಜಾರಿ ಕೆಳಗೆ ಹೋಗುತ್ತದೆ. ಮೇಲೆ ಬೆರಳಿಟ್ಟರೆ ತೇವ, ಒಳಗೆ ಬೇರು ಇರುವ ಕಡೆ ಕಲ್ಲಿನಂತೆ ಒಣ. ಕಾಂಡದ ಹತ್ತಿರ ತೆಳ್ಳನೆಯ ಕಡ್ಡಿ ಚುಚ್ಚಿ ನೋಡಿ. ಕಡ್ಡಿ ಇಳಿಯದಿದ್ದರೆ ಕುಂಡವನ್ನು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಇಡಿ. ಗುಳ್ಳೆ ಬರುವುದು ನಿಂತ ಮೇಲೆ ಎತ್ತಿ ಬಸಿಯಲು ಬಿಡಿ. ಇದನ್ನು ಒಮ್ಮೆ ಮಾಡಿದರೆ ಸಾಕು, ದಿನಾ ಮಾಡುವಂಥದ್ದಲ್ಲ. ಕೊಕೊಪೀಟ್ ಪೂರ್ತಿ ಒಣಗಿ ನೀರು ಕುಡಿಯದಿದ್ದಾಗಲೂ ಇದೇ ಉಪಾಯ.

ಮಧ್ಯಾಹ್ನ ಪೈಪ್ ತಿರುಗಿಸಿ ನೇರ ಗಿಡಕ್ಕೆ ಹಿಡಿಯಬೇಡಿ. ಟೆರೇಸಿನ ಟ್ಯಾಂಕಿನ ನೀರು ಮೇ ತಿಂಗಳಲ್ಲಿ ಸ್ನಾನಕ್ಕೆ ಆಗುವಷ್ಟು ಕಾದಿರುತ್ತದೆ. ರಾತ್ರಿಯೇ ಬಕೆಟ್ ತುಂಬಿಟ್ಟು ಬೆಳಗ್ಗೆ ಆ ನೀರು ಹಾಕಿ. ಇನ್ನು, ಎಲೆಯ ಮೇಲಿನ ನೀರ ಹನಿ ಭೂತಗನ್ನಡಿಯ ಹಾಗೆ ಎಲೆ ಸುಡುತ್ತದೆ ಎಂಬ ಮಾತು ಬರೀ ಕಟ್ಟುಕತೆ. ನಿಂಬೆಯ ನುಣುಪಾದ ಎಲೆಗೆ ಅದು ಆಗುವುದಿಲ್ಲ. ಸಂಜೆ ಎಲೆಯ ಅಡಿಭಾಗಕ್ಕೆ ನೀರು ಚಿಮುಕಿಸಿದರೆ ಧೂಳೂ ಹೋಗುತ್ತದೆ, ನುಸಿಯೂ ಕಡಿಮೆಯಾಗುತ್ತದೆ.

ಕತ್ತರಿ ಒಳಗಿಡಿ

ಸುಟ್ಟ ಎಲೆ ಕಣ್ಣಿಗೆ ಚುಚ್ಚುತ್ತದೆ, ನಿಜ. ಆದರೂ ಕೀಳಬೇಡಿ. ಅರ್ಧ ಬಿಳಿಚಿದ ಎಲೆಯ ಉಳಿದರ್ಧ ಇನ್ನೂ ಆಹಾರ ತಯಾರಿಸುತ್ತಿರುತ್ತದೆ. ನಿಂಬೆ ಜಾತಿಯ ಗಿಡಗಳು ತಮ್ಮ ದಾಸ್ತಾನನ್ನು ಎಲೆಯಲ್ಲೂ ಇಟ್ಟುಕೊಳ್ಳುತ್ತವೆ. ಅಲ್ಲದೆ ಆ ಸುಟ್ಟ ಎಲೆ ತನ್ನ ಕೆಳಗಿನ ಎಲೆಗೂ ಕೊಂಬೆಯ ತೊಗಟೆಗೂ ನೆರಳು ಕೊಡುತ್ತಿದೆ. ಅದನ್ನು ಕಿತ್ತರೆ ಮುಂದಿನ ಸರದಿ ತೊಗಟೆಯದು. ಎಲೆಯ ಗಾಯಕ್ಕಿಂತ ತೊಗಟೆಯ ಗಾಯ ದೊಡ್ಡದು. ಪೂರ್ತಿ ಗರಿಗರಿಯಾಗಿ, ಮುಟ್ಟಿದರೆ ಉದುರುವಂಥವನ್ನು ಮಾತ್ರ ತೆಗೆಯಿರಿ. ಬಿಳಿಚಿದ ಜಾಗ ಮತ್ತೆ ಹಸಿರಾಗುವುದಿಲ್ಲ, ಅದಕ್ಕಾಗಿ ಕಾಯಬೇಡಿ. ನೀವು ಕಾಯಬೇಕಾದದ್ದು ಚಿಗುರಿಗೆ.

ಎಲೆ ತಾನಾಗಿ ಉದುರಲು ಶುರುವಾದರೆ ಗಾಬರಿ ಬೇಡ. ಕೊಂಬೆಗೆ ಜೀವ ಇದ್ದರೆ ತಾನೇ ಅದು ಎಲೆಯನ್ನು ಕಳಚಿ ಹಾಕುವುದು? ಎಲೆ ಒಣಗಿದರೂ ಉದುರದೆ ಕೊಂಬೆಗೇ ಕಚ್ಚಿಕೊಂಡು ನೇತಾಡುತ್ತಿದ್ದರೆ ಆ ಕೊಂಬೆ ಹೋಗಿರುವ ಸಂಭವ ಹೆಚ್ಚು. ಅನುಮಾನವಿದ್ದರೆ ಉಗುರಿನಿಂದ ತೊಗಟೆಯನ್ನು ಒಂದು ಎಳೆ ಕೆರೆದು ನೋಡಿ. ಒಳಗೆ ಹಸಿರು, ತೇವ ಕಂಡರೆ ಜೀವವಿದೆ. ಕಂದು, ಒಣ ಆಗಿದ್ದರೆ ಇಲ್ಲ. ತುದಿಯಿಂದ ಶುರುಮಾಡಿ ಕೆಳಗೆ ಬನ್ನಿ, ಎಲ್ಲಿ ಹಸಿರು ಸಿಗುತ್ತದೋ ಅಲ್ಲಿಗೆ ನಿಲ್ಲಿ. ಒಣ ಕೊಂಬೆಯನ್ನೂ ಈಗಲೇ ಕತ್ತರಿಸಬೇಡಿ. ಚಿಗುರು ಎಲ್ಲಿಂದ ಬರುತ್ತದೆ ಎಂದು ಗೊತ್ತಾದ ಮೇಲೆ ಅದರ ಸ್ವಲ್ಪ ಮೇಲಕ್ಕೆ ಕತ್ತರಿಸಿದರಾಯಿತು.

ಎಲೆ ಉದುರಿ ಕಾಂಡ ಬಯಲಿಗೆ ಬಿದ್ದಿದ್ದರೆ ಮಾತ್ರ ತೊಗಟೆಗೆ ಸುಣ್ಣ ಬಳಿಯಿರಿ. ತಿಳಿಯಾಗಿ ಕಲಸಿದ ಸುಣ್ಣ, ಬ್ರಷ್‌ನಿಂದ ಒಂದು ಕೈ. ವಿದರ್ಭದ ಕಿತ್ತಳೆ ತೋಟಗಳಲ್ಲಿ ಕಾಂಡಕ್ಕೆ ಬೋರ್ಡೋ ಪೇಸ್ಟ್ ಬಳಿದಿರುವುದನ್ನು ನೋಡಿರಬಹುದು. ಅದು ಮೈಲುತುತ್ತ ಸೇರಿದ ಸುಣ್ಣ, ಮುಖ್ಯವಾಗಿ ಕಾಂಡ ಕೊಳೆಯುವ ರೋಗಕ್ಕೆ. ಕುಂಡದ ಗಿಡಕ್ಕೆ ಬಿಸಿಲು ತಡೆಯಲು ಬರೀ ಸುಣ್ಣ ಸಾಕು.

ಹೂವು, ಕಾಯಿ ಇದ್ದರೆ ತೆಗೆದುಬಿಡಿ. ಮನಸ್ಸು ಬರುವುದಿಲ್ಲ, ಗೊತ್ತು. ಆದರೂ.

ಗೊಬ್ಬರ ಬೇಡ, ಔಷಧ ಬೇಡ, ಕುಂಡ ಬದಲಿಸುವುದೂ ಬೇಡ

ಬಳಲಿದ ಬೇರಿಗೆ ಗೊಬ್ಬರ ಹಾಕುವುದೆಂದರೆ ಜ್ವರದಲ್ಲಿ ಮಲಗಿದವರಿಗೆ ಹೋಳಿಗೆ ಊಟ ಬಡಿಸಿದ ಹಾಗೆ. ರಾಸಾಯನಿಕ ಗೊಬ್ಬರದ ಉಪ್ಪು ಬೇರಿನಿಂದಲೇ ನೀರು ಎಳೆಯುತ್ತದೆ. ಹಸಿ ಹಿಂಡಿ ಕೊಳೆಯುವಾಗ ಮಣ್ಣು ಕಾಯುತ್ತದೆ. ಎಪ್ಸಮ್ ಸಾಲ್ಟ್ ಮೆಗ್ನೀಸಿಯಂ ಕೊರತೆಗೆ ಇರುವಂಥದ್ದು, ಬಿಸಿಲಿನ ಗಾಯಕ್ಕೆ ಅದರಿಂದ ಏನೂ ಆಗುವುದಿಲ್ಲ. ಬೇವಿನ ಎಣ್ಣೆ ಹೊಡೆದು ಬಿಸಿಲಿಗೆ ಬಿಟ್ಟರೆ ಎಲೆ ಇನ್ನಷ್ಟು ಸುಡುತ್ತದೆ. ಹುಳ ಕಂಡರೆ ಕೈಯಿಂದ ತೆಗೆಯಿರಿ. ಹಕ್ಕಿ ಹಿಕ್ಕೆಯಂತೆ ಕಾಣುವ ಮರಿಹುಳ ನಿಂಬೆ ಚಿಟ್ಟೆಯದು. ಉಳಿದ ನಾಲ್ಕೆಲೆಯನ್ನು ಅದು ಎರಡು ದಿನದಲ್ಲಿ ಮುಗಿಸಬಲ್ಲದು.

ಕುಂಡ ಬದಲಿಸುವ ಕೆಲಸ ಮಳೆಗಾಲಕ್ಕೆ ಇರಲಿ. ಈಗ ಬೇರು ಕದಲಿಸಿದರೆ ಇರುವ ಜೀವವೂ ಹೋಗುತ್ತದೆ.

ಚಿಗುರು ಬಂತು, ಈಗ?

ಸಾಮಾನ್ಯವಾಗಿ ಮೂರರಿಂದ ಆರು ವಾರದಲ್ಲಿ ಕಣ್ಣುಗಳು ಉಬ್ಬುತ್ತವೆ. ಮೇ ಕೊನೆಗೆ ಸುಟ್ಟ ಗಿಡಕ್ಕೆ ಮೃಗಶಿರಾ ಮಳೆಯೇ ದೊಡ್ಡ ಔಷಧ. ಜೂನ್ 7-8ಕ್ಕೆ ಮಿರಗ ಹಿಡಿದ ಮೇಲೆ ಮೋಡ, ತಂಪುಗಾಳಿ, ಉಪ್ಪಿಲ್ಲದ ನೀರು ಮೂರೂ ಒಟ್ಟಿಗೆ ಸಿಗುತ್ತವೆ. ಮೊದಲ ಒಳ್ಳೆಯ ಮಳೆಗೆ ಕುಂಡವನ್ನು ಹೊರಗಿಟ್ಟು ಅಡಿಯಿಂದ ಧಾರಾಳವಾಗಿ ನೀರು ಹರಿದುಹೋಗಲು ಬಿಡಿ. ವರ್ಷವಿಡೀ ಟ್ಯಾಂಕರ್ ನೀರಿನಿಂದ ಕೂತ ಉಪ್ಪು ತೊಳೆದುಹೋಗುತ್ತದೆ.

ಚಿಗುರು ಎಲ್ಲಿಂದ ಬಂದಿದೆ ನೋಡಿ. ಮೋಸಂಬಿ, ಕಿತ್ತಳೆ ಗಿಡಗಳು ಸಾಮಾನ್ಯವಾಗಿ ಕಸಿಯವು. ಜಂಬೇರಿ ಅಥವಾ ರಂಗಪುರ ನಿಂಬೆಯ ಬೇರಿನ ಮೇಲೆ ಕಣ್ಣು ಕೂರಿಸಿರುತ್ತಾರೆ. ಮೇಲಿನ ಭಾಗ ಸುಟ್ಟಾಗ ಕಸಿಯ ಗಂಟಿನ ಕೆಳಗಿನಿಂದ ಮುಳ್ಳುಮುಳ್ಳಾದ ಚಿಗುರು ಭರ್ಜರಿಯಾಗಿ ನುಗ್ಗುತ್ತದೆ. ಗಿಡ ಬದುಕಿತು ಎಂದು ಖುಷಿಪಡುತ್ತೇವೆ. ಅದು ನಿಮ್ಮ ಮೋಸಂಬಿಯಲ್ಲ, ಬೇರಿನ ಗಿಡ. ಅದನ್ನು ಎಳೆಯದರಲ್ಲೇ ಬುಡಸಮೇತ ಕಿತ್ತುಹಾಕಿ, ಇಲ್ಲದಿದ್ದರೆ ಮೇಲಿನದನ್ನು ಅದೇ ತಿಂದುಹಾಕುತ್ತದೆ. ಕಾಗದಿ ನಿಂಬೆಯಾದರೆ ಎಷ್ಟೋ ಸಲ ಬೀಜದಿಂದಲೇ ಬೆಳೆಸಿದ್ದಿರುತ್ತದೆ. ಅಂಥ ಗಿಡಕ್ಕೆ ಗಂಟೇ ಇರುವುದಿಲ್ಲ. ಬುಡದಿಂದ ಬಂದ ಚಿಗುರೂ ಅಸಲಿಯೇ, ಇರಲಿ ಬಿಡಿ.

ಹೊಸ ಎಲೆ ಬಲಿತು ಗಾಢ ಹಸಿರಾದ ಮೇಲೆ ಗೊಬ್ಬರ ಶುರುಮಾಡಿ. ಎರಡು ಹಿಡಿ ಎರೆಗೊಬ್ಬರ ಮೊದಲು. ಆಮೇಲೆ ಬೇಕಾದರೆ 19:19:19 ಗೊಬ್ಬರವನ್ನು ಲೀಟರ್ ನೀರಿಗೆ 1 ಗ್ರಾಂನಂತೆ ಕರಗಿಸಿ ಹದಿನೈದು ದಿನಕ್ಕೊಮ್ಮೆ. ಸತು, ಕಬ್ಬಿಣ ಇರುವ ಸೂಕ್ಷ್ಮ ಪೋಷಕಾಂಶದ ಪುಡಿ ಸಿಕ್ಕರೆ ಪೊಟ್ಟಣದ ಮೇಲಿನ ಪ್ರಮಾಣದ ಅರ್ಧದಷ್ಟು ಸಿಂಪಡಿಸಿ.

ಮಳೆ ಹಿಡಿದೊಡನೆ ಗಿಡ ತುಂಬ ಹೂ ಬಿಟ್ಟರೆ ಮೋಸಹೋಗಬೇಡಿ. ಮಹಾರಾಷ್ಟ್ರದ ತೋಟದವರು ನೀರು ನಿಲ್ಲಿಸಿ ಗಿಡವನ್ನು ಬಳಲಿಸಿ, ಮತ್ತೆ ನೀರು ಕೊಟ್ಟು ಬೇಕೆಂದೇ ಹೂ ಬರಿಸುತ್ತಾರೆ. ಮಳೆಗಾಲದ ಶುರುವಿನ ಹೂವಿಗೆ ಮೃಗ ಬಹಾರ್ ಎನ್ನುತ್ತಾರೆ. ನಿಮ್ಮ ಬಾಲ್ಕನಿಯಲ್ಲಿ ಬಿಸಿಲು ಅದೇ ಕೆಲಸ ಮಾಡಿರುತ್ತದೆ. ತೋಟದ ಗಿಡಕ್ಕೆ ತಾಕತ್ತಿರುತ್ತದೆ, ನಿಮ್ಮದಕ್ಕೆ ಈಗ ಇಲ್ಲ. ಈ ಸಲದ ಹೂ ಚಿವುಟಿಬಿಡಿ.

ಮರಳಿ ಬಿಸಿಲಿಗೆ, ಮತ್ತು ಅಕ್ಟೋಬರ್

ನಿಂಬೆಗೆ ಬಿಸಿಲು ಬೇಕೇ ಬೇಕು. ಕಾಯಂ ನೆರಳಿನಲ್ಲಿಟ್ಟರೆ ಕಾಯಿ ಬರುವುದಿಲ್ಲ. ಚಿಗುರು ಬಲಿತ ಮೇಲೆ ಬೆಳಗಿನ ಬಿಸಿಲಿಗೆ ದಿನಕ್ಕೆ ಒಂದು ಗಂಟೆ ಇಡಿ. ಮೂರ್ನಾಲ್ಕು ದಿನಕ್ಕೊಮ್ಮೆ ಒಂದೊಂದು ಗಂಟೆ ಹೆಚ್ಚಿಸಿ. ಎರಡು ಮೂರು ವಾರದಲ್ಲಿ ಅದರ ಹಳೆಯ ಜಾಗಕ್ಕೆ ಬರಬಹುದು.

ತೆಂಕಣ ಬಾಲ್ಕನಿಯವರಿಗೆ ಒಂದು ಮಾತು. ಮೇ ಮಧ್ಯದಲ್ಲಿ ಪುಣೆಯಲ್ಲಿ ನಡುಹಗಲ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ಅಲ್ಲಿಂದ ಜುಲೈ ಕೊನೆಯವರೆಗೆ ಮಧ್ಯಾಹ್ನ ಅವನು ನೆತ್ತಿಗಿಂತ ಬಡಗಣಕ್ಕಿರುತ್ತಾನೆ. ಅಂದರೆ ನಿಮ್ಮ ಬಾಲ್ಕನಿಗೆ ಮೇಲಿನ ಸ್ಲ್ಯಾಬಿನ ನೆರಳು. ಗಿಡ ಮಳೆಗಾಲವಿಡೀ ತಂಪಿನಲ್ಲಿ ಎಳೆ ಎಲೆ ಬಿಟ್ಟುಕೊಂಡು ಸೊಂಪಾಗಿರುತ್ತದೆ. ಸೆಪ್ಟೆಂಬರ್ ಕಳೆದು ಮೋಡ ಸರಿಯುವ ಹೊತ್ತಿಗೆ ಸೂರ್ಯ ತೆಂಕಣಕ್ಕೆ ವಾಲಿರುತ್ತಾನೆ. ಬಿಸಿಲು ಸ್ಲ್ಯಾಬಿನ ಕೆಳಗೆ ತೂರಿಕೊಂಡು ನೇರ ಆ ಎಳೆ ಎಲೆಗಳ ಮೇಲೆ ಬೀಳುತ್ತದೆ. ಇಲ್ಲಿಯವರು ಅಕ್ಟೋಬರ್ ಹೀಟ್ ಎಂದು ಬೈಯುವುದು ಈ ದಿನಗಳನ್ನೇ. ಬೇಸಿಗೆ ಪೂರ್ತಿ ಚೆನ್ನಾಗಿದ್ದ ಗಿಡ ದಸರೆ ಹೊತ್ತಿಗೆ ಸುಟ್ಟಿತು ಎಂದು ಎಷ್ಟೋ ಜನ ತಲೆ ಕೆರೆದುಕೊಳ್ಳುತ್ತಾರೆ. ಗಣಪತಿ ಹಬ್ಬ ಮುಗಿದ ವಾರವೇ ಅರ್ಧ ನೆಟ್ ಕಟ್ಟಿಬಿಡಿ, ದೀಪಾವಳಿಗೆ ಬಿಚ್ಚಿ.

ಮೇ ರಜೆಗೆ ಊರಿಗೆ ಹೋಗುವವರು ಗಿಡವನ್ನು ವಾಚ್‌ಮನ್ ಭರವಸೆಗೆ ಬಿಟ್ಟು ಪಡುವಣ ಬಾಲ್ಕನಿಯಲ್ಲೇ ಇಟ್ಟು ಹೋಗಬೇಡಿ. ಡ್ರೈ ಬಾಲ್ಕನಿಗೆ ಸರಿಸಿ, ಗೋಣಿ ಸುತ್ತಿ, ಮಣ್ಣಿಗೆ ಹೊದಿಕೆ ಹಾಕಿ. ಬಕೆಟ್ ನೀರನ್ನು ಎತ್ತರದಲ್ಲಿಟ್ಟು ಹತ್ತಿಯ ಬತ್ತಿಯೊಂದನ್ನು ಅದರಿಂದ ಕುಂಡದ ಮಣ್ಣಿಗೆ ಇಳಿಬಿಟ್ಟರೆ ನಾಲ್ಕೈದು ದಿನದ ಮಟ್ಟಿಗೆ ನಡೆಯುತ್ತದೆ. ಅದಕ್ಕಿಂತ ಜಾಸ್ತಿ ದಿನವಾದರೆ ಪಕ್ಕದ ಮನೆಯವರ ಕೈಗೆ ಬೀಗದ ಕೈ ಕೊಡುವುದೇ ದಾರಿ.

ಮಳೆ ಶುರುವಾಗಿ ತಿಂಗಳಾದರೂ ಚಿಗುರಿಲ್ಲ, ಬುಡದಲ್ಲಿ ಕೆರೆದರೂ ಕಂದು ಎಂದಾದರೆ ಆ ಗಿಡ ಹೋಯಿತು. ಹೊಸದು ತರಲು ಜುಲೈ ಒಳ್ಳೆಯ ತಿಂಗಳು. ಕುಂಡಕ್ಕೆ ಕಾಗದಿ ನಿಂಬೆ ಸುಲಭ. ರಾಹುರಿ ಕೃಷಿ ವಿದ್ಯಾಪೀಠದ ಸಾಯಿ ಶರಬತಿ ತಳಿ ಸಿಕ್ಕರೆ ಬಿಡಬೇಡಿ. ನರ್ಸರಿಯವರನ್ನು ಎರಡೇ ಪ್ರಶ್ನೆ ಕೇಳಿ: ಇದು ನೆಟ್ ಕೆಳಗಿತ್ತಾ, ಬಯಲಲ್ಲಿತ್ತಾ? ಕಸಿಯದಾ, ಬೀಜದ್ದಾ? ಹಳೆಯ ಕುಂಡದ ಮಣ್ಣನ್ನೇ ಬಳಸುವುದಾದರೆ ಮೊದಲು ಸತ್ತ ಬೇರನ್ನೆಲ್ಲ ಆರಿಸಿ ತೆಗೆದು, ಮೂರರಲ್ಲಿ ಒಂದು ಪಾಲು ಎರೆಗೊಬ್ಬರ ಬೆರೆಸಿಕೊಳ್ಳಿ.